ನರ್ಸಿಂಗ್ ಓದುವಾಗ ಕ್ಲಾಸಿನ ಹೊರಗೆ ನಾನು ಮಾಡಿದ್ದು, ಬಿಟ್ಟಿದ್ದು

ನಮ್ಮ ವಾರ್ಡಿಗೆ ಪೋಸ್ಟಿಂಗ್‌ಗೆ ಬರುವ ಬಿಎಸ್ಸಿ ನರ್ಸಿಂಗ್ ಹುಡುಗಿಯರು ಮಧ್ಯಾಹ್ನ ಸ್ವಲ್ಪ ಬಿಡುವಾದಾಗ ನನ್ನ ಹತ್ತಿರ ಬಂದು ನಿಲ್ಲುತ್ತಾರೆ. "ಅಕ್ಕಾ, ಎಸ್‌ಎನ್‌ಎ ಸೇರೋದಾ, ಎನ್‌ಎಸ್‌ಎಸ್ ಸೇರೋದಾ? ಯಾವುದರ ಸರ್ಟಿಫಿಕೇಟಿಗೆ ಜಾಸ್ತಿ ಬೆಲೆ?" ಮೊದಲನೆಯದು ನರ್ಸಿಂಗ್ ವಿದ್ಯಾರ್ಥಿಗಳ ಸಂಘ, ಎರಡನೆಯದು ರಾಷ್ಟ್ರೀಯ ಸೇವಾ ಯೋಜನೆ. ಸಂತೆಯಲ್ಲಿ ಟೊಮೆಟೊ ರೇಟು ಕೇಳಿದ ಹಾಗೆ ಕೇಳುತ್ತಾರೆ. ನಗು ಬರುತ್ತದೆ. ನಾನೂ ಮೊದಲ ವರ್ಷ ಹಾಗೇ ಕೇಳಿದ್ದೆ.

ನಾನು ಓದಿದ್ದು 2014ರಿಂದ 2018ರವರೆಗೆ, ದಾವಣಗೆರೆ ಕಡೆಯ ಒಂದು ಕಾಲೇಜಿನಲ್ಲಿ. ಊರು ಹಿರಿಯೂರು ತಾಲ್ಲೂಕಿನ ಹಳ್ಳಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಬೆಳಿಗ್ಗೆ ಏಳಕ್ಕೆ ಕಾಲೇಜು ಬಸ್ಸು, ಏಳೂವರೆಗೆ ವಾರ್ಡು, ಮಧ್ಯಾಹ್ನ ಕ್ಲಾಸು, ರಾತ್ರಿ ಕೇರ್ ಪ್ಲಾನ್, ಅಂದರೆ ರೋಗಿಯ ಆರೈಕೆಯ ಯೋಜನೆ, ಬರೆಯುವುದು. ಇದರ ಮಧ್ಯೆ ಬೇರೆ ಚಟುವಟಿಕೆಗೆಲ್ಲ ಟೈಮ್ ಎಲ್ಲಿದೆ ಅಂತ ನೀವು ಕೇಳಿದರೆ, ನಿಜ, ಇಲ್ಲ. ನಿದ್ದೆಯಿಂದಲೇ ಕದಿಯಬೇಕು. ಕದ್ದ ಮೇಲೆ ಅದನ್ನು ಎಲ್ಲಿ ಖರ್ಚು ಮಾಡಿದೆ ಅನ್ನೋದನ್ನು ಮಾತ್ರ ಹೇಳಬಲ್ಲೆ.

ಮೊದಲು ಸೇರಿದ್ದು ಎಸ್‌ಎನ್‌ಎ. ಟಿಎನ್‌ಎಐ ಅಂತ ದೇಶದ ನರ್ಸುಗಳ ಸಂಘ ಇದೆ, 1908ರಷ್ಟು ಹಳೆಯದು. ಸ್ಟೂಡೆಂಟ್ ನರ್ಸಸ್ ಅಸೋಸಿಯೇಷನ್ ಅದರ ವಿದ್ಯಾರ್ಥಿ ವಿಭಾಗ, 1929ರಲ್ಲಿ ಶುರುವಾಗಿದ್ದು. ನಮ್ಮ ಕಾಲೇಜಿನ ಘಟಕದಲ್ಲಿ ನಾನು ಮೊದಲ ವರ್ಷ ಮಾಡಿದ್ದು ರಂಗೋಲಿ, ಗುಂಪು ನೃತ್ಯ, ಬಾಗಿಲಿಗೆ ಹೂವು ಕಟ್ಟುವುದು. ಖುಷಿಯಿತ್ತು, ಇಲ್ಲ ಅನ್ನಲ್ಲ. ಆದರೆ ಎರಡನೇ ವರ್ಷ ಖಜಾಂಚಿ ಮಾಡಿದರು ನೋಡಿ, ಅಲ್ಲಿಂದ ಬೇರೆ ಕಥೆ.

ಮೇ 12, ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ, ದಾದಿಯರ ದಿನಾಚರಣೆ. ಹೂವು, ಫ್ಲೆಕ್ಸು, ಶಾಮಿಯಾನ, ಅತಿಥಿಗಳಿಗೆ ಶಾಲು, ಮುನ್ನೂರು ಜನಕ್ಕೆ ತಿಂಡಿ. ಓಡಾಟದಲ್ಲಿ ಯಾರಿಗೆ ಎಷ್ಟು ಕೊಟ್ಟೆ ಅಂತ ಬರೆದುಕೊಳ್ಳಲಿಲ್ಲ. ಹೂವಿನವನ ಹತ್ತಿರ ಚೀಟಿಯನ್ನೂ ಕೇಳಲಿಲ್ಲ. ಮಾರನೆಯ ದಿನ ಲೆಕ್ಕ ಕೂಡಿಸಿದರೆ 1,140 ರೂಪಾಯಿ ಕಮ್ಮಿ. ಯಾರೂ ಕದ್ದಿರಲಿಲ್ಲ, ನಾನೇ ಎಲ್ಲೋ ಕೊಟ್ಟು ಮರೆತಿದ್ದೆ. ಅಪ್ಪ ಕಳಿಸಿದ ತಿಂಗಳ ದುಡ್ಡಲ್ಲಿ ತುಂಬಿದೆ. ಆ ತಿಂಗಳು ಸೋಪು ಕೂಡ ರೂಮ್‌ಮೇಟ್‌ದೇ. ಆಮೇಲೆ ಒಂದು ಚಿಕ್ಕ ಪುಸ್ತಕ ಇಟ್ಟೆ: ದಿನಾಂಕ, ಯಾರಿಗೆ, ಎಷ್ಟು, ಚೀಟಿ ಇದೆಯಾ. ಈಗ ವಾರ್ಡಿನಲ್ಲಿ ಡ್ಯೂಟಿ ಹಸ್ತಾಂತರಿಸುವಾಗ ಎಮರ್ಜೆನ್ಸಿ ಟ್ರಾಲಿಯ ಆಂಪ್ಯೂಲ್ (ಇಂಜೆಕ್ಷನ್ ಔಷಧಿಯ ಪುಟ್ಟ ಗಾಜಿನ ಸೀಸೆ) ಎಣಿಸುತ್ತೇನಲ್ಲ, ಹತ್ತು ಇರಬೇಕಾದಲ್ಲಿ ಒಂಬತ್ತು ಇದ್ದರೆ ಆ ಒಂದು ಎಲ್ಲಿಗೆ ಹೋಯಿತು ಅಂತ ಬರೆಯುವವರೆಗೂ ಬ್ಯಾಗ್ ಎತ್ತಿಕೊಳ್ಳಲ್ಲ. ಅದು ಆ 1,140 ರೂಪಾಯಿ ಕಲಿಸಿದ್ದು.

ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಯಾವ ಸಂಘದ್ದೂ ಅಲ್ಲ, ಅದಕ್ಕೆ ಸರ್ಟಿಫಿಕೇಟೂ ಇಲ್ಲ. ಹಾಸ್ಟೆಲ್ ರೂಮಿನಲ್ಲಿ ರಾತ್ರಿ ಒಂಬತ್ತಕ್ಕೆ ನಡೆಸುತ್ತಿದ್ದ ಕನ್ನಡ ಕ್ಲಾಸು.

ನಮ್ಮ ಬ್ಯಾಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೇರಳದ ಹುಡುಗಿಯರು, ಇಬ್ಬರು ಮಣಿಪುರದವರು. ಎರಡನೇ ವರ್ಷದ ಮೆಡಿಕಲ್ ವಾರ್ಡ್ ಪೋಸ್ಟಿಂಗ್. ನನ್ನ ಗೆಳತಿ ಒಬ್ಬ ಅಜ್ಜನ ಹತ್ತಿರ ನಿಂತು, ತನಗೆ ಗೊತ್ತಿದ್ದ ನಾಲ್ಕು ಪದದಲ್ಲಿ ಕೇಳುತ್ತಿದ್ದಳು. "ಅಜ್ಜಾ, ನೋವು ಉಂಟಾ?" ಅಜ್ಜ, "ನೋವೇನಿಲ್ಲ ತಾಯಿ, ಎದೆ ಒಂಥರಾ ಹಿಂಡಿದಂಗೆ ಆಗ್ತೈತೆ" ಅಂದರು. ಅವಳಿಗೆ ಅರ್ಥವಾಗಿದ್ದು ಮೊದಲ ಎರಡೇ ಪದ. ನೋವಿಲ್ಲ ಅಂತ ಬರೆದುಕೊಂಡಳು. ನಾನು ಪಕ್ಕದ ಬೆಡ್‌ನಲ್ಲಿ ಬಿಪಿ ನೋಡುತ್ತಿದ್ದೆ. ಹಿಂಡಿದಂಗೆ ಅನ್ನೋದು ಕಿವಿಗೆ ಬಿತ್ತು. ಅಜ್ಜನ ಹಣೆ ಬೆವತಿತ್ತು. ಓಡಿ ಹೋಗಿ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿದೆ. ಇಸಿಜಿ ತೆಗೆದರು, ಅಜ್ಜನನ್ನು ಹೃದಯದ ತೀವ್ರ ನಿಗಾ ಘಟಕಕ್ಕೆ (ಐಸಿಸಿಯು) ಕಳಿಸಿದರು. ಗೆಳತಿ ಅವತ್ತು ಊಟ ಮಾಡಲಿಲ್ಲ. ಅವಳದ್ದೇನು ತಪ್ಪು? ನಾವು ಕನ್ನಡದವರು ಎದೆಗೆ ಏನಾದರೂ ಆದರೆ ನೋವು ಅಂತ ಎಲ್ಲಿ ಹೇಳುತ್ತೇವೆ? ಉರಿ ಅಂತೀವಿ, ಹಿಂಡುತ್ತೆ ಅಂತೀವಿ, ಭಾರ ಅಂತೀವಿ. ಏನೂ ಹೊಳೆಯದಿದ್ದರೆ ಒಂಥರಾ ಅಂತೀವಿ.

ಅವತ್ತು ರಾತ್ರಿಯೇ ಶುರು. 200 ಪುಟದ ನೋಟ್‌ಬುಕ್, ಕನ್ನಡ ಪದವನ್ನು ಮಲಯಾಳಂ ಅಕ್ಷರದಲ್ಲಿ ಬರೆದುಕೊಳ್ಳುವುದು. ಚುಚ್ಚುತ್ತೆ, ಉರಿಯುತ್ತೆ, ಸಿಡಿಯುತ್ತೆ, ಸೆಳೆಯುತ್ತೆ, ನುಲಿಯುತ್ತೆ, ಜೋಮು ಹಿಡಿಯುತ್ತೆ. ಹೊಟ್ಟೆ ತೊಳಸುವುದು ಬೇರೆ, ಹೊಟ್ಟೆ ನುಲಿಯುವುದು ಬೇರೆ. ನಾನು ಮುಖ ಕಿವುಚಿ, ಹೊಟ್ಟೆ ಹಿಡಿದು ಆಕ್ಟ್ ಮಾಡುತ್ತಿದ್ದೆ, ಅವರು ಪದ ಹೇಳಬೇಕು. ಒಂದಕ್ಕೆ, ಎರಡಕ್ಕೆ, ಹೊರಕಡೆ. ಹೆಂಗಸರು ಬಿಳಿ ಹೋಗುತ್ತೆ ಅಂದರೆ ಏನು. ಒಬ್ಬಳಿಗೆ ಸ್ತ್ರೀರೋಗದ ಹೊರರೋಗಿ ವಿಭಾಗದಲ್ಲಿ ಒಬ್ಬ ಅವ್ವ, "ಮಗಳು ಹೊರಗಾಗಿದಾಳೆ" ಅಂದರಂತೆ. ಇವಳು ಬಾಗಿಲು ತೆಗೆದು ಕಾರಿಡಾರಿನಲ್ಲೆಲ್ಲ ಹುಡುಕಿ ಬಂದಿದ್ದಳು! ಮುಟ್ಟು ಅನ್ನೋದಕ್ಕೆ ನಮ್ಮಲ್ಲಿ ಎಷ್ಟು ಮರೆಮಾತು ಇವೆ ಅಂತ ನನಗೂ ಅವತ್ತೇ ಹೊಳೆದಿದ್ದು.

ಇನ್ನೊಂದು ದೊಡ್ಡ ಪಾಠ ಬಹುವಚನದ್ದು. ಹೊಸದಾಗಿ ಕನ್ನಡ ಕಲಿತವರು ಎಲ್ಲರಿಗೂ "ಬಾ, ಕೂತ್ಕೋ, ಬಾಯಿ ತೆಗಿ" ಅಂತಾರೆ. ಎಪ್ಪತ್ತು ವರ್ಷದ ಯಜಮಾನರಿಗೆ ಹಾಗಂದರೆ ಮಾತ್ರೆ ನುಂಗುತ್ತಾರಾ? ಆ ಒಂದು "ಇ" ಸೇರಿಸಿ ನೋಡಿ ಅಂದೆ. ಬನ್ನಿ, ಕೂತ್ಕೊಳ್ಳಿ, ತೆಗೀರಿ. ಮಾರನೆಯ ದಿನವೇ ವಾರ್ಡಿನಲ್ಲಿ ಫಲ ಸಿಕ್ಕಿತು.

ಅವರೇನು ಪುಕ್ಕಟೆ ಕಲಿಯಲಿಲ್ಲ. ನನ್ನ ಇಂಗ್ಲಿಷ್ ಹರುಕು ಮುರುಕು. ಡ್ಯೂಟಿ ರಿಪೋರ್ಟ್ ಕೊಡುವಾಗ ನಾಲಿಗೆ ಒಣಗುತ್ತಿತ್ತು. ಕನ್ನಡ ಮುಗಿದ ಮೇಲೆ ಅರ್ಧ ಗಂಟೆ ಅವರು ನನ್ನ ಕೈಲಿ ರಿಪೋರ್ಟ್ ಹೇಳಿಸುತ್ತಿದ್ದರು. ಹೊರ ರಾಜ್ಯದವರು ಇರುವ ಹಾಸ್ಟೆಲ್‌ನಲ್ಲಿ ಇದ್ದರೆ ನೀವೂ ಇದನ್ನು ಮಾಡಿ. ದುಡ್ಡು ಬೇಡ, ಪ್ರಿನ್ಸಿಪಾಲರ ಸಹಿ ಬೇಡ.

ರಕ್ತದಾನ ಶಿಬಿರದ್ದು ಸ್ವಲ್ಪ ನಾಚಿಕೆಯ ಕಥೆ. ರೆಡ್ ಕ್ರಾಸ್ ಘಟಕದಿಂದ ನಾವು ಹುಡುಗಿಯರು ಬೇರೆ ಡಿಗ್ರಿ ಕಾಲೇಜುಗಳಿಗೆ ಹೋಗಿ "ರಕ್ತ ಕೊಡಿ" ಅಂತ ಭಾಷಣ ಮಾಡಿ ಬಂದಿದ್ದೆವು. ಶಿಬಿರದ ದಿನ ನಾನೇ ಮೊದಲು ಕೂತೆ. ಬೆರಳಿಗೆ ಚುಚ್ಚಿ, ಒಂದು ಹನಿ ರಕ್ತವನ್ನು ನೀಲಿ ಬಣ್ಣದ ಕಾಪರ್ ಸಲ್ಫೇಟ್ ನೀರಿಗೆ ಬಿಟ್ಟರು. ಹನಿ ಸೀದಾ ಮುಳುಗಿದರೆ ಹಿಮೋಗ್ಲೋಬಿನ್ 12.5 ಇದೆ, ಕೊಡಬಹುದು. ನನ್ನ ಹನಿ ಸ್ವಲ್ಪ ಕೆಳಗೆ ಹೋಗಿ, ಯೋಚನೆ ಮಾಡಿದ ಹಾಗೆ ನಿಂತು, ಮೆಲ್ಲಗೆ ಮೇಲೆ ಬಂತು. ಆಮೇಲೆ ಲ್ಯಾಬಿನಲ್ಲಿ ನೋಡಿಸಿದರೆ 10.4. ನನ್ನ ಹಿಂದೆ ನಿಂತಿದ್ದ ಗೆಳತಿಯರಲ್ಲಿ ಸುಮಾರು ಜನರದ್ದೂ ಅದೇ ಪಾಡು. ಗರ್ಭಿಣಿಯರಿಗೆ ರಕ್ತಹೀನತೆ ಬಗ್ಗೆ ಚಾರ್ಟ್ ಬರೆದು ತೋರಿಸುತ್ತಿದ್ದವರು ನಾವೇ! ಡಾಕ್ಟರಿಗೆ ತೋರಿಸಿ ಕಬ್ಬಿಣದ ಮಾತ್ರೆ ಶುರು ಮಾಡಿದೆ. ಮಾತ್ರೆ ತಗೊಂಡ ತಕ್ಷಣ ಟೀ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹಿಡಿಯಲ್ಲ ಅಂತ ಪರೀಕ್ಷೆಯಲ್ಲಿ ಬರೆದಿದ್ದೆ. ಆ ಟೀ ಬಿಡುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು. ಮುಂದಿನ ವರ್ಷ ಹನಿ ಮುಳುಗಿತು. 350 ಎಂಎಲ್ ಕೊಟ್ಟು ಬಂದೆ.

ಮೂರನೇ ವರ್ಷ ಪಲ್ಸ್ ಪೋಲಿಯೋ. ಭಾನುವಾರ ಬೂತ್, ಆಮೇಲೆ ಮನೆ ಮನೆ. ಹೆಗಲಿಗೆ ಲಸಿಕೆಯ ಡಬ್ಬಿ, ಒಳಗೆ ನಾಲ್ಕು ಐಸ್‌ಪ್ಯಾಕ್. ಒಂದು ಗಂಟೆಯಾದ ಮೇಲೆ ಹೆಗಲಿನಲ್ಲಿ ಬರೆ ಮೂಡುತ್ತದೆ. ಲಸಿಕೆಯ ಬಾಟಲಿ ಮೇಲೆ ಒಂದು ವೃತ್ತ, ಅದರೊಳಗೆ ಚೌಕ ಇರುತ್ತದೆ. ಒಳಗಿನ ಚೌಕ ಹೊರಗಿನ ಬಣ್ಣಕ್ಕಿಂತ ತಿಳಿಯಾಗಿದ್ದರೆ ಹಾಕಬಹುದು. ಎರಡೂ ಒಂದೇ ಬಣ್ಣವಾಯಿತೋ, ಬಾಟಲಿ ಬಿಸಿಗೆ ಕೆಟ್ಟಿದೆ ಅಂತ ಲೆಕ್ಕ. ಪುಸ್ತಕದಲ್ಲಿ ಇದು ಎರಡು ಮಾರ್ಕಿನ ಪ್ರಶ್ನೆ. ಬಿಸಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡುವಾಗ ಮಾತ್ರ ಅದರ ಬೆಲೆ ಗೊತ್ತಾಗುವುದು.

ಐದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಹಾಕಿಯಾದರೆ ಗೋಡೆ ಮೇಲೆ ಪಿ ಅಂತ ಬರೆಯಬೇಕು, ಮಗು ಉಳಿದಿದ್ದರೆ ಅಥವಾ ಮನೆಗೆ ಬೀಗ ಇದ್ದರೆ ಎಕ್ಸ್. ಒಂದು ಮನೆಯ ಅಜ್ಜಿ ಬಾಗಿಲಲ್ಲೇ ತಡೆದರು. "ಮೊನ್ನೆ ತಾನೇ ಹಾಕ್ಸೀವಿ. ಇದು ಎಷ್ಟನೇ ಸಲ? ಕಾಯಿಲೆನೇ ಇಲ್ಲ ಅಂತೀರ, ಮತ್ತೆ ಮತ್ತೆ ಬರ್ತೀರ." ನಾನು ಶುರು ಮಾಡಿದೆ. ಭಾರತದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ, ಬಂಗಾಳದಲ್ಲಿ. 2014ರ ಮಾರ್ಚ್‌ನಲ್ಲಿ ಪೋಲಿಯೋಮುಕ್ತ ಅಂತ ಘೋಷಣೆ. ಆದರೂ ಅಕ್ಕಪಕ್ಕದ ದೇಶಗಳಲ್ಲಿ ವೈರಸ್ ಇದೆ, ಅದಕ್ಕೇ... ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು, ಟಿವಿ ನೋಡಿದ ಹಾಗೆ. ನನ್ನ ಜೊತೆಗಿದ್ದ ಆಶಾ ಕಾರ್ಯಕರ್ತೆ ಕಟ್ಟೆ ಮೇಲೆ ಕೂತೇಬಿಟ್ಟರು. "ಅಜ್ಜೀ, ಮಂಡಿ ಹೆಂಗೈತೆ? ಎಣ್ಣೆ ಹಚ್ಚಿದ್ಯಾ?" ಮಂಡಿಯ ಕಥೆ ಐದು ನಿಮಿಷ ನಡೆಯಿತು. ಸೊಸೆಯ ಮೇಲಿನ ದೂರು ಇನ್ನೈದು ನಿಮಿಷ. ಆಮೇಲೆ ಅಜ್ಜಿಯೇ ಒಳಗೆ ಹೋಗಿ ಮಗುವನ್ನು ಎತ್ತಿಕೊಂಡು ಬಂದರು. ಎರಡು ಹನಿ, ಎಡಗೈ ಕಿರುಬೆರಳಿಗೆ ಗುರುತು, ಗೋಡೆಗೆ ಪಿ. ಆಶಾ ಅಕ್ಕ ಪೋಲಿಯೋ ಅನ್ನೋ ಪದವನ್ನೇ ಎತ್ತಿರಲಿಲ್ಲ. ದಾರಿಯಲ್ಲಿ ನಾನು ಸುಮ್ನೆ ಇದ್ದೆ. ಅವರೇ ಹೇಳಿದರು, "ನೀನು ಹೇಳಿದ್ದು ಸರಿಗೈತೆ ಕಣವ್ವಾ. ಆದ್ರೆ ಅಜ್ಜಿ ಅದನ್ನ ಕೇಳಿರ್ಲಿಲ್ಲ."

ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಕೆಲಸ, ಜೊತೆಗೆ ಏಳು ದಿನದ ಶಿಬಿರ. ಗಂಟೆಗಳಲ್ಲಿ ಅರ್ಧ ಕಾಲೇಜಿನ ಹಿಂದಿನ ಪಾರ್ಥೇನಿಯಂ ಕೀಳುವುದರಲ್ಲೇ ಹೋಯಿತು, ಅದರ ಬಗ್ಗೆ ಹೇಳಲು ಏನೂ ಇಲ್ಲ. ಶಿಬಿರದಲ್ಲಿ ಮಾತ್ರ ಹಾವು ಕಡಿತದ ಬಗ್ಗೆ ಬೀದಿನಾಟಕ ಮಾಡಿದೆವು. ಕೊಳಕುಮಂಡಲ ಕಚ್ಚಿದ ರೈತ ನಾನೇ. ಬಿಗಿಯಾಗಿ ಹಗ್ಗ ಕಟ್ಟಬೇಡಿ, ಬ್ಲೇಡಿನಲ್ಲಿ ಕೊಯ್ಯಬೇಡಿ, ಉಂಗುರ ಕಾಲುಂಗುರ ತೆಗೆಯಿರಿ, ಕಾಲು ಅಲ್ಲಾಡದ ಹಾಗೆ ಕೋಲು ಇಟ್ಟು ಆಸ್ಪತ್ರೆಗೆ ಕರಕೊಂಡು ಹೋಗಿ. ಚಪ್ಪಾಳೆ ಚೆನ್ನಾಗೇ ಬಿತ್ತು. ಆಗ ಹಿಂದೆ ಕೂತಿದ್ದ ಒಬ್ಬ ಮುದುಕಪ್ಪ ಎದ್ದು ಕೇಳಿದ, "ಯಾವ ಆಸ್ಪತ್ರೆಗವ್ವಾ? ಅಲ್ಲಿ ಔಷಧಿ ಐತಾ?"

ನಮಗೆ ಗೊತ್ತಿರಲಿಲ್ಲ. ಇಪ್ಪತ್ತು ಜನ ನರ್ಸಿಂಗ್ ವಿದ್ಯಾರ್ಥಿಗಳು, ಒಬ್ಬರೂ ವಿಚಾರಿಸಿರಲಿಲ್ಲ. ಮಾರನೆಯ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ವಿಷ ಇಳಿಸುವ ಇಂಜೆಕ್ಷನ್ ಎಲ್ಲಿದೆ, ರಾತ್ರಿ ಯಾರು ಇರುತ್ತಾರೆ ಅಂತ ಕೇಳಿಕೊಂಡು ಬಂದು, ಶಾಲೆಯ ಗೋಡೆ ಮೇಲೆ 108ರ ಜೊತೆ ಆ ಆಸ್ಪತ್ರೆಯ ಹೆಸರನ್ನೂ ಬರೆದೆವು. 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ ನಮ್ಮ ರಾಜ್ಯದಲ್ಲಿ ಆದೇಶ ಬಂದಾಗ ಆ ಮುದುಕಪ್ಪನೇ ನೆನಪಾದ.

ಬಿಟ್ಟಿದ್ದೂ ಇದೆ. ಕ್ರೀಡೆ ನನ್ನ ಕೈಲಾಗಲಿಲ್ಲ. ವಾರಕ್ಕೊಂದು ಸೆಮಿನಾರ್‌ಗೆ ಹೋಗಿ, ಊಟ ಮಾಡಿ, ಸರ್ಟಿಫಿಕೇಟ್ ತರುವುದನ್ನು ಮೂರನೇ ವರ್ಷಕ್ಕೆ ನಿಲ್ಲಿಸಿದೆ. ಎಸ್‌ಎನ್‌ಎ ರಾಜ್ಯ ಸಮ್ಮೇಳನಕ್ಕೆ ಹೋಗುವ ಅವಕಾಶ ಬಂದಿತ್ತು. ಪೋಸ್ಟರ್ ಕೂಡ ತಯಾರಿತ್ತು. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ಅನ್ನೋ ಭಯಕ್ಕೆ ಹಿಂದೆ ಸರಿದೆ. ಆ ಪೋಸ್ಟರ್‌ಗೆ ನನ್ನ ಬದಲು ಹೋದವಳಿಗೆ ಬಹುಮಾನ ಬಂತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅದು ಯಾವ ಉರಿ ಅಂತ ಕನ್ನಡ ಕ್ಲಾಸಿನ ಹುಡುಗಿಯರಿಗೆ ಹೇಳಿಕೊಟ್ಟಿರಲಿಲ್ಲ.

ಕೆಲಸದ ಸಂದರ್ಶನಕ್ಕೆ ದಪ್ಪ ಫೈಲ್ ಹೊತ್ತುಕೊಂಡು ಹೋಗಿದ್ದೆ. ಎದುರು ಕೂತಿದ್ದ ಮೇಡಂ ನಾಲ್ಕು ಹಾಳೆ ತಿರುವಿ ಮುಚ್ಚಿದರು. "ರೋಗಿಯ ಕಡೆಯವರು ಸಿಟ್ಟಾಗಿ ಕೂಗಾಡ್ತಿದ್ದಾರೆ, ಏನ್ ಮಾಡ್ತೀಯಾ?" ಅಂತ ಕೇಳಿದರು. ನಾನು ಅಜ್ಜಿಯ ಮಂಡಿಯ ಕಥೆ ಹೇಳಿದೆ. ಮುಂದಿನ ತಿಂಗಳಿಂದ ಬಾ ಅಂದರು.

ಇನ್ನೊಂದು ಮಾತು, ಇದನ್ನು ನನಗೆ ಯಾವ ಸೀನಿಯರೂ ಹೇಳಿರಲಿಲ್ಲ. ಶಿಬಿರಕ್ಕೆ ಹೆಸರು ಕೊಡುವ ಮುಂಚೆ ಹಾಜರಿ ಪುಸ್ತಕ ನೋಡಿ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ನಿಯಮದ ಪ್ರಕಾರ ಪರೀಕ್ಷೆಗೆ ಕೂರಲು ಶೇ. 80 ಹಾಜರಿ ಸಾಕು. ಆದರೆ ಪದವಿ ಕೈಗೆ ಬರಬೇಕಾದರೆ ಪ್ರಾಕ್ಟಿಕಲ್‌ನಲ್ಲಿ ಪೂರ್ತಿ ನೂರು ಇರಬೇಕು. ಶಿಬಿರ, ರಿಹರ್ಸಲ್ ಅಂತ ವಾರ್ಡ್ ತಪ್ಪಿಸಿದ ಪ್ರತಿ ದಿನವನ್ನೂ ಒಂದಲ್ಲ ಒಂದು ದಿನ ತೀರಿಸಬೇಕು. ನನ್ನ ಬಾಕಿ ಒಂಬತ್ತು ದಿನ. ಕೊನೆಯ ಪರೀಕ್ಷೆ ಮುಗಿದು ಎಲ್ಲರೂ ಟ್ರಂಕ್ ಕಟ್ಟಿಕೊಂಡು ಊರಿಗೆ ಹೋದ ಮೇಲೆ ನಾನೊಬ್ಬಳೇ ಹಾಸ್ಟೆಲ್‌ನಲ್ಲಿ ಉಳಿದೆ. ನನ್ನೊಬ್ಬಳಿಗೆ ಅಂತ ಒಲೆ ಹಚ್ಚಲು ಬೇಜಾರಾಗಿ ಅಡುಗೆಯವರು ಬೆಳಗಿನ ಚಿತ್ರಾನ್ನವನ್ನೇ ರಾತ್ರಿಗೂ ಮುಚ್ಚಿಡುತ್ತಿದ್ದರು. ಒಂಬತ್ತು ದಿನ, ಹದಿನೆಂಟು ಹೊತ್ತು ಚಿತ್ರಾನ್ನ. ಈಗಲೂ ಕ್ಯಾಂಟೀನಿನಲ್ಲಿ ಅದರ ವಾಸನೆ ಬಂದರೆ ನಾನು ಇಡ್ಲಿ ಕೌಂಟರ್ ಕಡೆ ಹೋಗುತ್ತೇನೆ.