ಯಂತ್ರದ ಪಕ್ಕದ ಮಾತುಕತೆ: ಶಿಫ್ಟ್ ಸೂಪರ್‌ವೈಸರ್‌ಗಳಿಗೆ ಒಂದು ಕೈಪಿಡಿ

ಲೋಹದ ತಗಡನ್ನು ಒತ್ತಿ ಆಕಾರ ಕೊಡುವ ಹಳೆಯ ಪವರ್ ಪ್ರೆಸ್‌ಗಳಲ್ಲಿ ಎರಡೂ ಕೈಯಿಂದ ಒಟ್ಟಿಗೆ ಒತ್ತಬೇಕಾದ ಎರಡು ಬಟನ್‌ಗಳಿರುತ್ತವೆ. ರ‍್ಯಾಮ್ (ಮೇಲಿನಿಂದ ಬಂದು ಒತ್ತುವ ಭಾಗ) ಕೆಳಗಿಳಿಯುವ ಹೊತ್ತಿನಲ್ಲಿ ಆಪರೇಟರ್‌ನ ಯಾವ ಕೈಯೂ ಡೈನೊಳಗೆ (ಆಕಾರ ಕೊಡುವ ಅಚ್ಚಿನೊಳಗೆ) ಇರಬಾರದೆಂಬುದೇ ಆ ಏರ್ಪಾಡಿನ ಉದ್ದೇಶ. ಆದರೂ ಒಂದು ಬಟನ್‌ಗೆ ತಂತಿ ಬಿಗಿದು, ಒಂದೇ ಕೈಯಲ್ಲಿ ಯಂತ್ರ ನಡೆಸುವ ರೂಢಿ ಪ್ರೆಸ್ ಶಾಪ್‌ಗಳಲ್ಲಿ ದುಡಿದವರಿಗೆ ಹೊಸದಲ್ಲ. ಇದು ಕಣ್ಣಿಗೆ ಬಿದ್ದಾಗ ಸೂಪರ್‌ವೈಸರ್ ಮುಂದಿನ ಎರಡು ನಿಮಿಷದಲ್ಲಿ ಏನು ಹೇಳುತ್ತಾರೆ, ಅದಕ್ಕಿಂತ ಹೆಚ್ಚಾಗಿ ಏನನ್ನು ಕೇಳಿಸಿಕೊಳ್ಳುತ್ತಾರೆ ಎಂಬುದರ ಮೇಲೆ, ನಾಳೆ ಅದೇ ಶಾಪ್‌ನಲ್ಲಿ ಯಾರು ಬಾಯಿ ಬಿಡುತ್ತಾರೆ, ಯಾರು ಸುಮ್ಮನಿರುತ್ತಾರೆ ಎಂಬುದು ತೀರ್ಮಾನವಾಗುತ್ತದೆ. ಗೋಡೆಯ ಮೇಲಿನ ಫಲಕಗಳೂ ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದ ಪ್ರತಿಜ್ಞೆಯೂ ಇರಲಿ. ಆದರೆ ಅವು ಈ ಎರಡು ನಿಮಿಷದ ಕೆಲಸವನ್ನು ಮಾಡಲಾರವು. ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಉದ್ಯಮಬಾಗ್‌ನಂತಹ ಕಡೆ ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳನ್ನು ನಡೆಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲು ಯಂತ್ರವನ್ನು ನಿಲ್ಲಿಸಿ, ಆಮೇಲೆ ಮಾತು. ಓಡುತ್ತಿರುವ ಯಂತ್ರದ ಮುಂದೆ ನಿಂತು ಕೂಗಿದರೆ ಆಪರೇಟರ್‌ನ ಗಮನ ಚದುರಿ, ಯಾವ ಅಪಾಯವನ್ನು ತಪ್ಪಿಸಲು ಹೋದಿರೋ ಅದೇ ಎದುರಾಗಬಹುದು. ಪ್ರೆಸ್ ಶಾಪ್‌ನ ಸದ್ದಿನಲ್ಲಿ ಸಹಜವಾದ ಮಾತೂ ಗದರಿಕೆಯಾಗಿಯೇ ಕೇಳುವುದರಿಂದ, ನಾಲ್ಕು ಹೆಜ್ಜೆ ಆಚೆ ಕರೆದುಕೊಂಡು ಹೋಗಿ ಮಾತಾಡಿ. ಎಲ್ಲರೆದುರು ಬೇಡ, ಕ್ಯಾಬಿನ್‌ಗೆ ಕರೆಸುವುದೂ ಬೇಡ, ಏಕೆಂದರೆ ಕ್ಯಾಬಿನ್‌ಗೆ ಹೋದವನು ಮೆಮೊ ತೆಗೆದುಕೊಂಡೇ ಬರುತ್ತಾನೆಂದು ಶಾಪ್‌ನಲ್ಲಿ ಎಲ್ಲರೂ ತಿಳಿಯುತ್ತಾರೆ.

ಅನಂತರ, ಕಂಡದ್ದನ್ನು ಕಂಡಂತೆ ಹೇಳಿ. “ಎಷ್ಟು ಸಲ ಹೇಳಬೇಕು ನಿಮಗೆ?” ಎಂದು ಶುರುಮಾಡಿದರೆ ಎದುರಿನವರಿಗೆ ತಲೆ ತಗ್ಗಿಸುವುದೊಂದೇ ದಾರಿ ಉಳಿಯುತ್ತದೆ. “ಅಣ್ಣ, ಎಡಗಡೆ ಬಟನ್‌ಗೆ ತಂತಿ ಸುತ್ತಿದೆ. ಎಡಗೈ ಡೈ ಹತ್ತಿರ ಹೋಗ್ತಿದೆ. ಈ ಕೆಲಸದಲ್ಲಿ ಎಲ್ಲಿ ತೊಂದರೆ ಆಗ್ತಿದೆ, ಹೇಳಿ” ಎಂದು ಕೇಳಿ, ಸುಮ್ಮನೆ ಕಾಯಿರಿ. ಕಾಯುವುದೇ ಕಷ್ಟ. ಮೊದಲ ಉತ್ತರ ಸಾಮಾನ್ಯವಾಗಿ “ಏನಿಲ್ಲ ಸಾರ್, ಇನ್ಮೇಲೆ ಮಾಡಲ್ಲ” ಎಂದಿರುತ್ತದೆ. ಅದನ್ನು ಒಪ್ಪಿಕೊಂಡು ಹೊರಟುಬಿಟ್ಟರೆ ಏನನ್ನೂ ತಿಳಿಯದೆ ಹೊರಟಂತೆ. ಇನ್ನೊಮ್ಮೆ ಕೇಳಿದಾಗ ನಿಜ ಹೊರಬರುತ್ತದೆ: “ಪೀಸ್ ಡೈನಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ ಸಾರ್. ಎಳೆಯೋಕೆ ಒಂದು ಕೈ ಬೇಕೇ ಬೇಕು. ಟೂಲ್ ರೂಮ್‌ಗೆ ಹೇಳಿ ವಾರ ಆಯ್ತು.” ಈಗ ದೋಷ ಬರೀ ಆಪರೇಟರ್‌ನದಲ್ಲ, ಡೈನದೂ ಹೌದು, ವಾರದಿಂದ ಕಿವಿಗೊಡದವರದೂ ಹೌದು. ಗದರಿದ್ದರೆ ತಂತಿ ಅಂದು ಬಿಚ್ಚಿಹೋಗಿ, ನೀವು ಅತ್ತ ತಿರುಗಿದ ಕೂಡಲೇ ಮತ್ತೆ ಕಟ್ಟಿಕೊಳ್ಳುತ್ತಿತ್ತು.

ಮೂಲ ಕಾರಣ ಸರಿಯಾದ ಮೇಲೂ ತಿಳಿದೂ ತಿಳಿದೂ ಅದೇ ತಪ್ಪು ಮಾಡುವವರ ಮೇಲೆ ಶಿಸ್ತುಕ್ರಮ ಬೇಕಾಗಬಹುದು. ಆದರೆ ಅದನ್ನು ಇನ್ನೊಂದು ದಿನ, ಇನ್ನೊಂದು ಮಾತುಕತೆಯಲ್ಲಿ ನಡೆಸಿ; ಮಾಹಿತಿ ಕೇಳುವ ಮಾತಿನೊಳಗೇ ಶಿಕ್ಷೆಯನ್ನು ತಂದರೆ ಮುಂದೆ ಮಾಹಿತಿಯೇ ಬರುವುದಿಲ್ಲ.

ಕೆಳಗಿನಿಂದ ಮೇಲಕ್ಕೆ ಹೋಗುವ ಮಾತು ಇದಕ್ಕಿಂತ ಕಷ್ಟದ್ದು. 2010ರ ಮೇ 22ರಂದು ಮಂಗಳೂರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿ ಸತ್ತರು. ಬದುಕುಳಿದವರು 8 ಮಂದಿ. ಇಳಿಯುವ ಯತ್ನವನ್ನು ಕೈಬಿಟ್ಟು ಮತ್ತೆ ಮೇಲೇರುವಂತೆ ಸಹ ಪೈಲಟ್ ಮೂರು ಬಾರಿ ಹೇಳಿದ್ದರೂ, ಯಂತ್ರದ ಎಚ್ಚರಿಕೆಗಳು ಕೇಳುತ್ತಿದ್ದರೂ ಕ್ಯಾಪ್ಟನ್ ಇಳಿಸಲು ಮುಂದಾದದ್ದೇ ದುರಂತದ ನೇರ ಕಾರಣವೆಂದು ತನಿಖಾ ನ್ಯಾಯಾಲಯ ಹೇಳಿತು. ಅಂದರೆ ಹೇಳುವವರು ಹೇಳಿದ್ದರು. ನಮ್ಮ ಕಾರ್ಖಾನೆಗಳಲ್ಲಿ “ಏನಿದ್ದರೂ ಬಂದು ಹೇಳಿ” ಎಂದು ಕಾರ್ಮಿಕರಿಗೆ ಉಪದೇಶಿಸುವಾಗ ಈ ಸಂಗತಿಯನ್ನು ನಾವು ಮರೆಯುತ್ತೇವೆ: ಹೇಳುವ ಧೈರ್ಯವನ್ನು ಕಲಿಸಿದರಷ್ಟೇ ಸಾಲದು, ಹೇಳಿದ ಕೂಡಲೇ ಕೈ ತಡೆಯುವ ನಿಯಮವೂ ಇರಬೇಕು.

ಆದ್ದರಿಂದ ಶಿಫ್ಟ್ ಆರಂಭದ ಐದು ನಿಮಿಷದ ಮಾತುಕತೆಯಲ್ಲಿ ಈ ಒಪ್ಪಂದವನ್ನು ಸ್ಪಷ್ಟವಾಗಿ ಸಾರಿ: ಹೆಲ್ಪರ್ ಆಗಲಿ, ನಿನ್ನೆ ಸೇರಿದ ಕಾಂಟ್ರಾಕ್ಟ್ ಹುಡುಗನಾಗಲಿ, “ನಿಲ್ಲಿಸಿ” ಎಂದರೆ ಯಂತ್ರ ನಿಲ್ಲುತ್ತದೆ, ಸರಿಯೋ ತಪ್ಪೋ ಎಂಬ ಚರ್ಚೆ ನಿಂತ ಮೇಲೆ. ಬಿಹಾರ, ಒಡಿಶಾಗಳಿಂದ ಬಂದವರಿದ್ದರೆ ಅವರ ಭಾಷೆಯಲ್ಲೂ ಇದನ್ನು ಹೇಳಿಸಿ. ನಿಲ್ಲಿಸಿದ್ದು ಅನಗತ್ಯವಾಗಿತ್ತೆಂದು ತಿಳಿದಾಗ ನಿಮ್ಮ ಮುಖದಲ್ಲಿ ಕಾಣುವ ಬೇಸರವನ್ನು ಇಡೀ ಶಾಪ್ ಗಮನಿಸುತ್ತದೆ. ಅಂತಹ ವೇಳೆ “ನಿಲ್ಲಿಸಿದ್ದು ಒಳ್ಳೆಯದಾಯಿತು; ಬನ್ನಿ, ಏನು ಕಂಡಿತು ತೋರಿಸಿ” ಎನ್ನಿ. ಆ ದಿನ ಕಳೆದುಹೋದ ಪೀಸ್‌ಗಳ ಲೆಕ್ಕವನ್ನು ಆಪರೇಟರ್‌ನ ಟಾರ್ಗೆಟ್‌ನಿಂದ ಕಡಿಮೆ ಮಾಡದಿದ್ದರೆ ನಿಮ್ಮ ಮಾತಿಗೆ ಬೆಲೆ ಬರುವುದಿಲ್ಲ.

ಎಚ್ಚರಿಸುವ ಹಕ್ಕು ಔದಾರ್ಯದಿಂದ ಸಿಕ್ಕಿದ್ದಲ್ಲ. ಭೋಪಾಲ್‌ನ ಅನಿಲ ದುರಂತಕ್ಕೆ ಎರಡು ವರ್ಷ ಮೊದಲೇ, 1982ರಲ್ಲಿ, ಪತ್ರಕರ್ತ ರಾಜಕುಮಾರ್ ಕೇಸ್ವಾನಿ ಆ ಕಾರ್ಖಾನೆಯ ಅಪಾಯಗಳ ಬಗ್ಗೆ ಬರೆದಿದ್ದರು, ಯಾರೂ ಕಿವಿಗೊಡಲಿಲ್ಲ. ದುರಂತದ ನಂತರ 1987ರಲ್ಲಿ ತಿದ್ದುಪಡಿಯಾದ ಕಾರ್ಖಾನೆಗಳ ಕಾಯ್ದೆಯು, ಅಪಾಯಕಾರಿ ಪ್ರಕ್ರಿಯೆಗಳಿರುವ ಕಾರ್ಖಾನೆಗಳಲ್ಲಿ ಸನ್ನಿಹಿತ ಅಪಾಯವನ್ನು ಆಡಳಿತದ ಗಮನಕ್ಕೂ ಇನ್‌ಸ್ಪೆಕ್ಟರ್ ಗಮನಕ್ಕೂ ತರುವ ಹಕ್ಕನ್ನು ಕಾರ್ಮಿಕರಿಗೆ ಕೊಟ್ಟಿತು; ಕಾರ್ಮಿಕರೂ ಆಡಳಿತದವರೂ ಸಮಸಂಖ್ಯೆಯಲ್ಲಿರುವ ಸುರಕ್ಷತಾ ಸಮಿತಿಯನ್ನೂ ಕಡ್ಡಾಯ ಮಾಡಿತು.

ಗೇಟಿನ ಬಳಿ ತೂಗುಹಾಕುವ “ಅಪಘಾತವಿಲ್ಲದ ದಿನಗಳು” ಎಂಬ ಫಲಕದ ಬಗ್ಗೆ ನನಗೆ ಗಂಭೀರವಾದ ಆಕ್ಷೇಪವಿದೆ. ಅದರ ಅಂಕಿಗೆ ಬಹುಮಾನವನ್ನೋ ಬೋನಸ್ಸನ್ನೋ ಜೋಡಿಸಿದಾಗ, ಬೆರಳು ಕೊಯ್ದುಕೊಂಡವನು ಬಟ್ಟೆ ಸುತ್ತಿಕೊಂಡು ಸುಮ್ಮನಾಗುತ್ತಾನೆ, ಏಕೆಂದರೆ ಇಡೀ ತಂಡದ ಬಹುಮಾನ ತನ್ನಿಂದ ತಪ್ಪಿತೆಂಬ ಅಪವಾದ ಅವನಿಗೆ ಬೇಡ. ಬಹುಮಾನ ಕೊಡಲೇಬೇಕೆಂದಿದ್ದರೆ, ಕ್ರೇನ್‌ನ ಸ್ಲಿಂಗ್ (ಭಾರ ಕಟ್ಟುವ ಹಗ್ಗ ಅಥವಾ ಪಟ್ಟಿ) ಹರಿದಿರುವುದನ್ನು ಲೋಡ್ ಎತ್ತುವ ಮೊದಲೇ ತೋರಿಸಿಕೊಟ್ಟವರಿಗೆ, “ಸ್ವಲ್ಪದರಲ್ಲಿ ತಪ್ಪಿತು” ಎಂಬ ಘಟನೆಗಳನ್ನು ಬಂದು ಹೇಳಿದವರಿಗೆ ಕೊಡಿ. ಮೆಚ್ಚುಗೆಯೂ ನಿರ್ದಿಷ್ಟವಾಗಿರಲಿ. “ಚೆನ್ನಾಗಿ ಮಾಡ್ತೀರಿ” ಎಂಬುದಕ್ಕಿಂತ “ಗ್ರೈಂಡಿಂಗ್ ವೀಲ್‌ನಲ್ಲಿ ಬಿರುಕು ನೋಡಿ ಬದಲಾಯಿಸಿಕೊಂಡಿರಿ, ಅದರಿಂದ ಅನಾಹುತ ತಪ್ಪಿತು” ಎಂಬ ಮಾತು ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ.

ಕೊನೆಯದಾಗಿ, ಉತ್ತರವನ್ನು ಮರಳಿ ತಲುಪಿಸುವ ಕೆಲಸ. ಹೆಚ್ಚಿನ ಕಾರ್ಖಾನೆಗಳು ಸೋಲುವುದು ಇಲ್ಲಿಯೇ. ಡೈ ಸರಿಪಡಿಸಲು ಹತ್ತು ದಿನ ಬೇಕೆಂದಾದರೆ ಅಂದೇ ಹೋಗಿ ಹಾಗೆಯೇ ಹೇಳಿ. ಅಲ್ಲಿಯವರೆಗೆ ಪೀಸ್ ತೆಗೆಯಲು ಇಕ್ಕಳ ಅಥವಾ ಮ್ಯಾಗ್ನೆಟ್ ಕೊಡಿಸಿ, ಅದೂ ಆಗದಿದ್ದರೆ ಆ ಜಾಬನ್ನೇ ನಿಲ್ಲಿಸಿ. ಶಿಫ್ಟ್ ಪುಸ್ತಕದಲ್ಲಿ ದೂರು ಬರೆಯುವ ಅಂಕಣದ ಪಕ್ಕದಲ್ಲೇ ಇನ್ನೊಂದು ಅಂಕಣ ಎಳೆದು, ಯಾರು, ಯಾವ ದಿನ, ಏನು ಉತ್ತರ ಕೊಟ್ಟರೆಂದು ಬರೆಯಿರಿ. ಆ ಉತ್ತರವನ್ನು ದೂರು ಕೊಟ್ಟವರಿಗೆ ಓದಿ ಹೇಳಿ, ಅವರ ಸಹಿ ಪಡೆಯಿರಿ. ಎರಡನೆಯ ಅಂಕಣ ಖಾಲಿ ಉಳಿದ ಸಾಲುಗಳನ್ನು ವಾರಕ್ಕೊಮ್ಮೆ ಪ್ಲಾಂಟ್ ಮ್ಯಾನೇಜರ್ ಸ್ವತಃ ಓದಲಿ, ಓದಿದ ಮೇಲೆ ಕ್ಯಾಬಿನ್‌ನಲ್ಲಿ ಕೂರದೆ ಆ ಯಂತ್ರಗಳ ಬಳಿಗೆ ನಡೆದು ಹೋಗಲಿ.