ಹಲಸಿನ ಹಲಗೆಯ ಕ್ಯಾಬಿನೆಟ್: ನನ್ನ ಅನುಭವ

ಹಾಲ್‌ನಲ್ಲಿ ಟಿವಿಯ ಪಕ್ಕಕ್ಕೆ ಕಂಪ್ಯೂಟರಿನ ಕಪ್ಪು ತಗಡಿನ ಕ್ಯಾಬಿನೆಟ್ ಇಡಲು ಮನಸ್ಸು ಒಪ್ಪಲಿಲ್ಲ. ಸಾಗರದ ನಮ್ಮ ಹಳೆಯ ಮನೆಯ ಅಟ್ಟ ಬಿಚ್ಚಿದಾಗ ಉಳಿದಿದ್ದ ಹಲಸಿನ ಹಲಗೆಗಳಿಂದ ಕಂಪ್ಯೂಟರಿಗೊಂದು ಪೆಟ್ಟಿಗೆಯನ್ನು ನಾನೇ ಮಾಡಿದೆ. ಹೊಗೆ ಹಿಡಿದು ಕಪ್ಪಾಗಿದ್ದ ಆ ಹಲಗೆಗೆ ಕೀಸುಳಿ ಹಾಕಿದಾಗ ಒಳಗಿನಿಂದ ಎದ್ದುಬಂದ ಹಳದಿ ಬಣ್ಣವನ್ನು ಕಂಡ ಮೇಲೆ, ಮುಂಭಾಗದ ಹಲಗೆಗೆ ಒಂದೇ ಒಂದು ತೂತನ್ನೂ ಕೊರೆಯಬಾರದೆಂದು ನಿರ್ಧರಿಸಿದೆ.

ಪೆಟ್ಟಿಗೆ ಚಿಕ್ಕದಾಗಿರಲೆಂದು 17 ಸೆಂ.ಮೀ. ಚೌಕದ, ಮಿನಿ ಐಟಿಎಕ್ಸ್ ಎಂಬ ಪುಟ್ಟ ಅಳತೆಯ ಮದರ್‌ಬೋರ್ಡ್, ಎಸ್‌ಎಫ್‌ಎಕ್ಸ್ ಎಂಬ ಚಿಕ್ಕ ಅಳತೆಯ ಪವರ್ ಸಪ್ಲೈ ಮತ್ತು ಪ್ರೊಸೆಸರನ್ನು ತಣಿಸಲು ಕೇವಲ 37 ಮಿ.ಮೀ. ಎತ್ತರದ ಕೂಲರ್ ಆರಿಸಿಕೊಂಡೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಡವೆಂದು, ಗ್ರಾಫಿಕ್ಸ್ ಒಳಗೇ ಇರುವ ರೈಜೆನ್ 5 5600ಜಿ ಪ್ರೊಸೆಸರ್ ಹಾಕಿದೆ.

ಸುಮ್ಮನೆ ಬ್ರೌಸ್ ಮಾಡುವಾಗ ಎಲ್ಲವೂ ಸರಿಯಿತ್ತು. ಆದರೆ ವಿಡಿಯೊ ರೆಂಡರ್ ಮಾಡಲು, ಅಂದರೆ ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೊ ಆಗಿ ತಯಾರಿಸಲು, ಹಚ್ಚಿದ ಕೆಲವೇ ನಿಮಿಷಗಳಲ್ಲಿ ಪ್ರೊಸೆಸರ್ ತನ್ನ ಮಿತಿಯಾದ 95 ಡಿಗ್ರಿಗೆ ತಲುಪಿ ವೇಗ ಇಳಿಸಿಕೊಳ್ಳತೊಡಗಿತು. ಪಕ್ಕದ ಮುಚ್ಚಳವನ್ನು ತೆಗೆದರೆ 80ರ ಒಳಗೆ ಬರುತ್ತಿತ್ತು. ಕೂಲರಿನ ಫ್ಯಾನ್‌ಗೂ ಮುಚ್ಚಳಕ್ಕೂ ನಡುವೆ 6 ಮಿ.ಮೀ. ಜಾಗವಷ್ಟೇ ಇದ್ದುದರಿಂದ, ತಾನು ಉಗುಳಿದ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತಿತ್ತು. ತಗಡಾಗಿದ್ದರೆ ಒಂದಿಷ್ಟು ಶಾಖವನ್ನಾದರೂ ಹೊರಕ್ಕೆ ಬಿಡುತ್ತಿತ್ತು, ಮರ ಅದನ್ನೂ ತಡೆಯುತ್ತದೆ.

ಮುಚ್ಚಳದಲ್ಲಿ ಗಾಳಿಗೆ ದಾರಿ ಮಾಡಲೇಬೇಕಾಯಿತು. ಒಳ್ಳೆಯ ಹಲಗೆಗೆ ಉಳಿ ಮುಟ್ಟಿಸುವ ಮೊದಲು ಅದೇ ಅಳತೆಯ ರಟ್ಟಿನಲ್ಲಿ ಐದು ವಿನ್ಯಾಸಗಳನ್ನು ಕತ್ತರಿಸಿ, ಒಂದೊಂದನ್ನೇ ಕೂರಿಸಿ, ಅರ್ಧ ಗಂಟೆ ರೆಂಡರ್ ಓಡಿಸಿ ಉಷ್ಣತೆ ಬರೆದುಕೊಂಡೆ. ನನಗೆ ಬಹಳ ಇಷ್ಟವಾದದ್ದು ಸಣ್ಣ ದುಂಡು ತೂತುಗಳ ರಂಗೋಲಿಯಂಥ ವಿನ್ಯಾಸ. ರಟ್ಟಿನಲ್ಲಿ ಪಾಸಾದ ಅದೇ ವಿನ್ಯಾಸ, 10 ಮಿ.ಮೀ. ದಪ್ಪದ ಮರದ ತುಂಡೊಂದರಲ್ಲಿ ಕೊರೆದು ನೋಡಿದಾಗ ಸೋತಿತು. ತೆಳು ತಗಡಿನಲ್ಲಿ ಬರಿಯ ತೂತಾಗಿರುವುದು ದಪ್ಪ ಮರದಲ್ಲಿ ಕೊಳವೆಯಾಗುತ್ತದೆ, ಗಾಳಿ ಅಲ್ಲಿ ಕಟ್ಟಿಕೊಳ್ಳುತ್ತದೆ. ಕೊನೆಗೆ ಆರಿಸಿಕೊಂಡದ್ದು 8 ಮಿ.ಮೀ. ಪಟ್ಟಿ, 8 ಮಿ.ಮೀ. ಸಂದು, ಹಳೆಯ ಮನೆಗಳ ಕಿಟಕಿಯ ಸರಳುಗಳ ಹಾಗೆ. ಒಳಬದಿಗೆ ಧೂಳು ತಡೆಯಲು ಸೊಳ್ಳೆಪರದೆಯ ಜಾಲರಿ ಅಂಟಿಸಿದೆ. ಇರುವೆ ನುಗ್ಗಿದರೂ ಹಲ್ಲಿಯಂತೂ ನುಗ್ಗುವುದಿಲ್ಲ.

ನೂರು ವರ್ಷ ಹಳೆಯ ಮರ ಇನ್ನು ಹಿಗ್ಗುವುದಿಲ್ಲವೆಂದು ನಾನು ಎಣಿಸಿದ್ದು ತಪ್ಪು. ಜುಲೈ ಮಳೆಯಲ್ಲಿ ಜಾರುವ ಮುಚ್ಚಳ, ಅದು ಜಾರಲೆಂದು ಮರದಲ್ಲಿ ಕೊರೆದ ಸೀಳಿನಲ್ಲೇ ಕಚ್ಚಿಕೊಂಡಿತು. ಕೊಡತಿಯಿಂದ ಬಡಿದು ತೆಗೆಯುವಾಗ ಒಂದು ಮೂಲೆ ಸಿಡಿಯಿತು. ಮರ ಹಿಗ್ಗುವುದು ಎಳೆಗೆ ಅಡ್ಡಲಾಗಿ, ಉದ್ದಕ್ಕೆ ಅತ್ಯಲ್ಪ. ಅಗಲದಲ್ಲಿ 2 ಮಿ.ಮೀ. ಕೀಸಿದೆ.

ಆದರೂ ರ‍್ಯಾಮ್ (ಮೆಮೊರಿ) ಬದಲಿಸುವಂಥ ಸಣ್ಣ ಕೆಲಸಕ್ಕೂ ಮುಚ್ಚಳ ತೆಗೆದು ಇಷ್ಟು ಹೆಣಗಬೇಕೆ ಎಂಬ ಕೊರಗು ಉಳಿದಿತ್ತು. ಆಗ ನೆನಪಾದದ್ದು 2000ರಲ್ಲಿ ಆಪಲ್ ತಂದಿದ್ದ ಪವರ್ ಮ್ಯಾಕ್ ಜಿ4 ಕ್ಯೂಬ್. ಫ್ಯಾನ್ ಇಲ್ಲದ, ಸುಮಾರು 8 ಇಂಚಿನ ಆ ಘನವನ್ನು ಎಲ್ಲರೂ ಅಂದಕ್ಕಾಗಿ ನೆನೆಯುತ್ತಾರೆ, ಒಂದೇ ವರ್ಷದಲ್ಲಿ ಅದರ ತಯಾರಿಕೆ ನಿಂತಿತೆಂದು ಮರುಗುತ್ತಾರೆ. ನನಗೆ ಅದರಲ್ಲಿ ದೊಡ್ಡದೆನಿಸುವುದು, ಬುಡದಲ್ಲಿರುವ ಹಿಡಿಯನ್ನು ಎಳೆದರೆ ಒಳಗಿನ ಯಂತ್ರವೆಲ್ಲ ಒಟ್ಟಿಗೇ ಹೊರಬರುವ ಏರ್ಪಾಡು. ನಾನೂ ಬೋರ್ಡ್ ಮತ್ತು ಪವರ್ ಸಪ್ಲೈ ಎರಡನ್ನೂ ಒಂದೇ ಅಲ್ಯೂಮಿನಿಯಂ ತಟ್ಟೆಗೆ ಸ್ಕ್ರೂ ಮಾಡಿ, ಹಿಂದಿನಿಂದ ಎಳೆಯಲು ಹಿತ್ತಾಳೆಯ ಹಿಡಿ ಹಾಕಿದೆ. ಮರ ವಿದ್ಯುತ್ತನ್ನು ಒಯ್ಯುವುದಿಲ್ಲವಾದರೂ, ಬೋರ್ಡಿಗೆ ಅರ್ಥಿಂಗ್ ಪವರ್ ಸಪ್ಲೈ ತಂತಿಗಳ ಮೂಲಕವೇ ಸಿಗುತ್ತದೆ.

ಪವರ್ ಬಟನ್ ಮಾತ್ರ ಇಂದಿಗೂ ಹಿಂಬದಿಯಲ್ಲೇ ಇದೆ. ಮನೆಯವರೆಲ್ಲ ಕೈ ಬಳಸಿ ತಡಕುತ್ತಾರೆ, ಮುಂದಕ್ಕೆ ತರಬಾರದೇ ಎಂದು ಕೇಳುತ್ತಾರೆ. ಆ ಮುಂಭಾಗದ ಹಲಗೆಗೆ ನಾನು ತೂತು ಹಾಕಿಲ್ಲ.