ಮುಚ್ಚಳ ಮುಚ್ಚಿದರೂ ಮಲಗದ ಲ್ಯಾಪ್‌ಟಾಪ್

ರಾತ್ರಿ ಬಸ್ಸು ಹತ್ತುವ ಮುಂಚೆ ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ತುರುಕಿದ್ದೆ. ಬೆಳಗ್ಗೆ ಶಿವಮೊಗ್ಗದಲ್ಲಿ ಇಳಿದು ನೋಡಿದರೆ ಬ್ಯಾಗ್ ಬೆಚ್ಚಗಿತ್ತು, ಬ್ಯಾಟರಿ ಖಾಲಿ. ನನ್ನದು ಉಬುಂಟು 22.04 ಎಂಬ ಲಿನಕ್ಸ್. ಅದರ ತಿರುಳಾದ ಕರ್ನಲ್ ಯಾವ ಬಗೆಯ ನಿದ್ದೆ ಕೊಡುತ್ತದೆ ಎಂದು ಹುಡುಕಿದೆ. ಎಸ್2ಐಡಲ್ ಎಂಬ ಹಗುರ ನಿದ್ದೆ ಒಂದೇ ಇತ್ತು, 'ಡೀಪ್' ಎಂಬ ಗಾಢ ನಿದ್ದೆ ಇರಲೇ ಇಲ್ಲ. ಅಂದರೆ ಇದು ನಿದ್ದೆ ಮಾಡುವುದಿಲ್ಲ, ಸುಮ್ನೆ ಕಣ್ಣು ಮುಚ್ಚಿಕೊಂಡಿರುತ್ತದೆ! ಉಳಿದ ದಾರಿ ಹೈಬರ್ನೇಟ್: ರ‍್ಯಾಮ್‌ನಲ್ಲಿರುವುದನ್ನು ಡಿಸ್ಕಿಗೆ ಬರೆದಿಟ್ಟು ಪೂರ್ತಿ ಆಫ್ ಆಗುವುದು.

ಕಮಾಂಡ್ ಕೊಟ್ಟರೆ 'ಆಗುವುದಿಲ್ಲ' ಎಂಬ ಒಂದೇ ಸಾಲಿನ ಉತ್ತರ. ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಶುರುವಾಗಲು ಬಿಡುವ ಸೆಕ್ಯೂರ್ ಬೂಟ್ ಆನ್ ಇತ್ತು. ಆಗ ಕರ್ನಲ್ ಲಾಕ್‌ಡೌನ್ ಆಗಿ ಹೈಬರ್ನೇಟ್ ತಡೆಯುತ್ತದೆ. ಬಯಾಸ್‌ಗೆ (ಯಂತ್ರದ ಮೂಲ ಸೆಟ್ಟಿಂಗ್ಸ್) ಹೋಗಿ ಅದನ್ನು ಆಫ್ ಮಾಡಿದೆ. ಆಫೀಸಿನ ಯಂತ್ರವಾಗಿದ್ದರೆ ಮುಟ್ಟುತ್ತಿರಲಿಲ್ಲ. ರ‍್ಯಾಮ್‌ನಲ್ಲಿರುವುದನ್ನು ಬರೆದಿಡುವ ಜಾಗ ಸ್ವಾಪ್‌ಫೈಲ್. 2 ಜಿಬಿಯ ಹಳೆಯದನ್ನು ಅಳಿಸಿ, 8 ಜಿಬಿ ರ‍್ಯಾಮ್‌ಗೆ ಸಾಕಾಗುವಂತೆ 10 ಜಿಬಿಯದು ಮಾಡಿದೆ.

ಈಗ ಹೈಬರ್ನೇಟ್ ಚೆನ್ನಾಗಿಯೇ ಆಯಿತು. ಆನ್ ಮಾಡಿದರೆ ಮಾತ್ರ ಹೊಸ ಬೂಟ್, ತೆರೆದಿದ್ದ ಕೆಲಸವೆಲ್ಲ ಮಾಯ. ಬರೆದಿಟ್ಟಿದ್ದು ಎಲ್ಲಿದೆ ಎಂದು ಕರ್ನಲ್‌ಗೆ ಯಾರೂ ಹೇಳಿರಲಿಲ್ಲ, ಅಲ್ವಾ? ಕರ್ನಲ್ ಅನ್ನು ಶುರುಮಾಡುವ ಗ್ರಬ್‌ನ ಸಾಲಿನಲ್ಲಿ, ಆ ಜಾಗ ಹೇಳುವ 'ರೆಸ್ಯೂಮ್' ಸೇರಿಸಿದೆ. ಆದರೂ ಅದೇ ಕಥೆ.

ಇಲ್ಲೇ ನನ್ನ ಎರಡು ಸಂಜೆ ಹೋದವು. ಸ್ವಾಪ್‌ಫೈಲ್ ಸಿದ್ಧಮಾಡುವಾಗ ಎಂಕೆಸ್ವಾಪ್ ಕಮಾಂಡ್ ಒಂದು ಯುಯುಐಡಿ (ಗುರುತಿನ ಸಂಖ್ಯೆ) ತೋರಿಸುತ್ತದೆ. ನಾನು ಅದನ್ನೇ ಅಂಟಿಸಿದ್ದೆ. ಬೇಕಾಗಿದ್ದು ಆ ಫೈಲ್ ಕೂತಿರುವ ಪಾರ್ಟಿಷನ್‌ನ (ಡಿಸ್ಕಿನ ಭಾಗದ) ಯುಯುಐಡಿ. ಅದರ ಜೊತೆಗೆ ಫೈಲ್ ಡಿಸ್ಕಿನಲ್ಲಿ ಎಲ್ಲಿಂದ ಶುರುವಾಗುತ್ತದೆ ಎಂಬ 'ರೆಸ್ಯೂಮ್ ಆಫ್‌ಸೆಟ್' ಕೂಡ. ಫೈಲ್ ಡಿಸ್ಕಿನಲ್ಲಿ ಎಲ್ಲೆಲ್ಲಿದೆ ಎಂದು ತೋರಿಸುವ ಫೈಲ್‌ಫ್ರ್ಯಾಗ್ ಕಮಾಂಡ್ ಓಡಿಸಿದರೆ ಮೊದಲ ಸಾಲಿನ 'ಫಿಸಿಕಲ್' ಕಾಲಂನಲ್ಲಿ ಮೊದಲು ಕಾಣುವ ಸಂಖ್ಯೆಯೇ ಅದು. ಎರಡನ್ನೂ ಹಾಕಿ, ಗ್ರಬ್ ಅಪ್‌ಡೇಟ್ ಮಾಡಿ, ಬೂಟ್‌ನ ಶುರುವಿನಲ್ಲಿ ಬಳಕೆಯಾಗುವ ಪುಟ್ಟ ಫೈಲ್‌ಸಿಸ್ಟಮ್ ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಿದೆ. ಆಮೇಲೆ ಬ್ರೌಸರ್‌ನ ಟ್ಯಾಬ್‌ಗಳು ಬಿಟ್ಟಲ್ಲೇ ಎದ್ದವು.

ಮುಚ್ಚಳ ಮುಚ್ಚಿದರೆ ಮೊದಲು ಸಸ್ಪೆಂಡ್, 30 ನಿಮಿಷದ ಮೇಲೆ ಹೈಬರ್ನೇಟ್. ಇದಕ್ಕೆ ಉಬುಂಟುವಿನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯಲ್ಲೇ ವ್ಯವಸ್ಥೆ ಇದೆ, ಎರಡು ಸಾಲು ಸಾಕು. ಬ್ಯಾಟರಿ ಉಳಿಸುವ ಟಿಎಲ್‌ಪಿಯನ್ನೂ ಹಾಕಿಕೊಂಡೆ. ಅದೇ ಬಗೆಯ ಕೆಲಸದ ಪವರ್ ಪ್ರೊಫೈಲ್ಸ್ ಡೀಮನ್ ಟಿಎಲ್‌ಪಿ ಜೊತೆ ಜಗಳ ಆಡುವುದರಿಂದ ಆ ಡೀಮನ್ ಅನ್ನು ತೆಗೆದೆ.

ಹೋದ ತಿಂಗಳು ರ‍್ಯಾಮ್ 16 ಜಿಬಿ ಮಾಡಿ, ಸ್ವಾಪ್‌ಫೈಲ್ ದೊಡ್ಡದು ಮಾಡಿದೆ. ಹೈಬರ್ನೇಟ್ ಮತ್ತೆ ಕೈಕೊಟ್ಟಿತು. ಹೊಸ ಫೈಲ್ ಡಿಸ್ಕಿನಲ್ಲಿ ಬೇರೆ ಕಡೆ ಕೂತಿತ್ತು, ಆಫ್‌ಸೆಟ್ ಹಳೆಯದೇ ಇತ್ತು. ಈಗ ಗ್ರಬ್ ಫೈಲಿನಲ್ಲೇ ಒಂದು ಕಾಮೆಂಟ್ ಬರೆದಿಟ್ಟಿದ್ದೇನೆ: 'ಸ್ವಾಪ್ ಮುಟ್ಟಿದರೆ ಇದನ್ನೂ ಮುಟ್ಟು.'